ಶಾಂತಿನಾಥರ ಐದೂವರೆ ಗಂಟೆಯ ವೈಫೈ

ಶಿರಗುಪ್ಪಿಯ ಶಾಂತಿನಾಥರು ಸಕ್ಕರೆ ಕಾರ್ಖಾನೆಯ ತೂಕದ ಕಾಟಾದಲ್ಲಿ ಮೂವತ್ತೊಂದು ವರ್ಷ ಗುಮಾಸ್ತರಾಗಿದ್ದರು. ಅಷ್ಟು ವರ್ಷಗಳಲ್ಲಿ ಅವರ ಬಾಯಿಂದ ಹೊರಬಿದ್ದ ಮಾತುಗಳನ್ನೆಲ್ಲ ಒಂದು ಅಂಚೆ ಕಾರ್ಡಿನ ಮೇಲೆ ಬರೆಯಬಹುದಿತ್ತು: "ಮುಂದಕ್ಕ ತಗಿ", "ಹದಿನಾರು ಟನ್", "ಮುಂದಿನಾಂವ ಬಾ". ಅದಕ್ಕಿಂತ ಉದ್ದದ ವಾಕ್ಯವನ್ನು ಶುರು ಮಾಡಿದರೆ, ಅದು ಮುಗಿಯುವುದರೊಳಗೆ ಕೇಳುವವನು ಟ್ರ್ಯಾಕ್ಟರ್ ಸಮೇತ ಗೇಟು ದಾಟಿರುತ್ತಿದ್ದ. ಮನೆಯಲ್ಲಿ ಹೆಂಡತಿ ಮಂಗಲಾ ಕೇಳುತ್ತಿದ್ದಳು, ನಿಜ. ಆದರೆ ಆಕೆ ಅಕ್ಕಿ ಆರಿಸುತ್ತ ಕೇಳುವವಳು. ಕಲ್ಲು ಸಿಕ್ಕಿತೆಂದರೆ ಗಂಡನ ಮಾತು ಅಲ್ಲಿಗೇ ನಿಲ್ಲಬೇಕು. ಹೀಗಾಗಿ ನಿವೃತ್ತರಾಗಿ ಮನೆಗೆ ಬಂದಾಗ ಅವರ ಹೊಟ್ಟೆಯಲ್ಲಿ ಹೇಳದೆ ಉಳಿದ ಮಾತು ಬೇಕಾದಷ್ಟಿತ್ತು.

ಅದಕ್ಕೆ ಈ ಭಾದ್ರಪದದಲ್ಲಿ ದಾರಿ ಸಿಕ್ಕಿತು. ಜೈನರ ದಶಲಕ್ಷಣ ಪರ್ವದ ಹತ್ತು ದಿನ, ದಿನಕ್ಕೊಂದು ಧರ್ಮದ ಮೇಲೆ ಉಪನ್ಯಾಸ ಹೇಳಲು ವರ್ಷವರ್ಷವೂ ಬರುತ್ತಿದ್ದ ಪಂಡಿತರು ಮೊಣಕಾಲಿನ ಆಪರೇಷನ್ ಮಾಡಿಸಿಕೊಂಡು ಮಲಗಿದ್ದರು. ಬಸದಿಯ ಸಭಾಮಂಟಪದ ಮಾಳಿಗೆ ರಿಪೇರಿಯಲ್ಲಿತ್ತು. ಕೊರೊನಾ ಕಾಲದಲ್ಲಿ ಕಲಿತ ಆನ್‌ಲೈನ್ ಸಭೆಯ ರೂಢಿ ಸಮಾಜವನ್ನು ಇನ್ನೂ ಬಿಟ್ಟಿರಲಿಲ್ಲ. ಸಂಜೆ ಐದೂವರೆಯಿಂದ ಆರರವರೆಗೆ ಅವರವರ ಮನೆಯಲ್ಲೇ ಕೂತು ಉಪನ್ಯಾಸ ಕೇಳುವುದು, ಆಮೇಲೆ ಹೊತ್ತು ಮುಳುಗುವುದರೊಳಗೆ ಊಟ ಮಾಡುವುದು ಎಂದು ನಿಶ್ಚಯವಾಯಿತು.

"ಹೇಳವರು ಯಾರು?" ಎಂದು ಸಭೆಯಲ್ಲಿ ಕೇಳಿದವರು ಬ್ರಾಹ್ಮಿ ಅಕ್ಕಾರು. ಮೂವತ್ತು ವರ್ಷ ಶಾಲೆ ನಡೆಸಿ, ಈಗ ಸಮಾಜ ನಡೆಸುತ್ತಿದ್ದ ಹೆಂಗಸು. ಮಂಗಲಾಳ ತಮ್ಮ, ಕಾಗವಾಡದಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದ ವೃಷಭ ಗಂಟಲು ಸರಿಮಾಡಿಕೊಂಡ. ಹಾಳಾದ ಯೂರಿಯಾ ಚೀಲವನ್ನೂ ಹೊಗಳಿ ಸಾಗಿಸುವ ಗಂಟಲು ಅದು. ಅವನು ಬಾಯಿ ತೆರೆಯುವ ಮೊದಲೇ ಶಾಂತಿನಾಥರ ಕೈ ತಾನಾಗಿ ಮೇಲೆದ್ದಿತು.

"ನನ್ನ ಮನ್ಯಾಗ ದೊಡ್ಡ ಕಂಪ್ಯೂಟರ್ ಐತ್ರಿ," ಎಂದರು. "ಇಂಟರ್ನೆಟ್ಟಿಗೆ ತಂತಿ ಸೈತ ಇಲ್ಲ. ಗಾಳ್ಯಾಗ ಬರ್ತೈತಿ."

ತಂತಿ ಇಲ್ಲದ ಇಂಟರ್ನೆಟ್ ಎಲ್ಲರ ಮನೆಯಲ್ಲೂ ಇತ್ತು. ಆದರೆ ಅದನ್ನು ಇಷ್ಟು ಗಾಂಭೀರ್ಯದಿಂದ ಯಾರೂ ಹೇಳಿರಲಿಲ್ಲವಾದ್ದರಿಂದ ಸಭೆ ಒಪ್ಪಿತು. ವೃಷಭ ನಕ್ಕು, "ದಾಜಿ, ಗಾಳ್ಯಾಗ ಬಂದದ್ದು ಗಾಳ್ಯಾಗ ಹೋಗದಂಗ ನೋಡ್ಕೋರಿ," ಎಂದ. ಅಕ್ಕನ ಗಂಡನನ್ನು ದಾಜಿ ಎನ್ನುವುದು ಆ ಕಡೆಯ ಮರ್ಯಾದೆ. ವೃಷಭನ ಬಾಯಲ್ಲಿ ಅದು ಚಿವುಟಿದ ಹಾಗೆ ಕೇಳುತ್ತಿತ್ತು.

ಆ ಗಾಳಿಯ ವ್ಯವಸ್ಥೆ ಹೀಗಿತ್ತು. ಹಿತ್ತಲ ಹೊಲದ ಕಂಬಗಳ ಮೇಲಿಂದ ಬಂದ ಕೇಬಲ್ಲು ಅಡುಗೆಮನೆಯ ಕಿಟಕಿಯಲ್ಲಿ ಒಳಗಿಳಿದಿತ್ತು. ಖಾಲಿ ಪ್ಲಗ್ ಇದ್ದದ್ದು ಅಲ್ಲೇ. ಹಾಗಾಗಿ ವೈಫೈ ಡಬ್ಬಿಯನ್ನು ಅಲ್ಲಿದ್ದ ಮೈಕ್ರೋವೇವ್ ಓವನ್ನಿನ ತಲೆಯ ಮೇಲೆ ಕೂಡಿಸಿದ್ದರು. ಓವನ್ನು ಮಹಿಳಾ ಮಂಡಳದ ಲಕ್ಕಿ ಡ್ರಾದಲ್ಲಿ ಮಂಗಲಾಳಿಗೆ ಬಂದದ್ದು. ಬೆಂಕಿಯೇ ಕಾಣದ ಒಲೆಯಲ್ಲಿ ಅಡುಗೆಯೇನು ಮಣ್ಣು ಎಂದು ಆಕೆ ಅದರ ಮೇಲೆ ಕ್ರೋಶಾ ಬಟ್ಟೆ ಹಾಸಿ ಇಟ್ಟುಬಿಟ್ಟಿದ್ದಳು. ಕಂಪ್ಯೂಟರು ಗೋಡೆಯ ಈಚೆ, ಪಡಸಾಲೆಯಲ್ಲಿತ್ತು. ಪರ್ವಕ್ಕೆ ಮುಂಚೆ ಎಂಟು ದಿನ ಶಾಂತಿನಾಥರು ದಿನಾ ಐದೂವರೆಗೆ ತಾಲೀಮು ಮಾಡಿ ನೋಡಿದರು. ಒಮ್ಮೆಯೂ ಕಡಿಯಲಿಲ್ಲ.

ಪರ್ವ ಶುರುವಾಯಿತು. ಮಂಗಲಾ ಮೊದಲ ಒಂಬತ್ತು ದಿನ ಏಕಾಶನ ಹಿಡಿದಳು. ಅಂದರೆ ದಿನಕ್ಕೆ ಒಂದೇ ಊಟ, ಬೆಳಿಗ್ಗೆ ಹನ್ನೊಂದಕ್ಕೆ. ಒಲೆ ಹೊತ್ತುವುದೂ ಆಗ ಒಂದೇ ಸಲ. ಆದರೆ ಗಂಡನಿಗೆ ಸಂಜೆಯ ಊಟ ಬೇಕಲ್ಲ. ಉಪನ್ಯಾಸ ಹೇಳಿ ದಣಿದು ಏಳುವ ಮನುಷ್ಯ ತಣ್ಣನೆಯ ರೊಟ್ಟಿ ಉಣ್ಣಬಾರದೆಂದು ಆಕೆ, ಮೊದಲ ಸಲ, ಆ ಓವನ್ನನ್ನು ಕೆಲಸಕ್ಕೆ ಹಚ್ಚಿದಳು. ರೊಟ್ಟಿ, ಪಲ್ಯ, ಬೇಳೆ, ಹಾಲು, ಕುಡಿಯುವ ನೀರು ಎಲ್ಲವನ್ನೂ ಒಂದಾದ ಮೇಲೊಂದು, ಐದೂವರೆ ಹೊಡೆದ ಮೇಲೆ.

ಮೊದಲ ದಿನದ ವಿಷಯ ಕ್ಷಮೆ. ಶಾಂತಿನಾಥರು ಬಿಳಿ ಧೋತರ ಉಟ್ಟು, ಕಿವಿಗೆ ಹೆಡ್‌ಫೋನ್ ಏರಿಸಿ, ಪರದೆಯ ಮೇಲಿನ ಅರವತ್ತಮೂರು ಮನೆಗಳ ಮುಖ ನೋಡಿ ಕೈ ಮುಗಿದರು. "ಕ್ಷಮಾ ಅಂದ್ರ ಏನು?" ಎಂದು ಕೇಳಿ, ಪಂಡಿತರು ಮಾಡುತ್ತಿದ್ದಂತೆ ಒಂದು ಕ್ಷಣ ನಿಲ್ಲಿಸಿದರು. ಅರವತ್ತಮೂರು ಮುಖಗಳೂ ಕಲ್ಲಿನಂತೆ ನಿಂತವು. ಜನ ತಮ್ಮ ಮಾತಿಗೆ ಇಷ್ಟು ಬೇಗ ಮರುಳಾದರಲ್ಲ ಎಂದು ಹಿಗ್ಗಿದ ಶಾಂತಿನಾಥರು, ಇಡೀ ಉಪನ್ಯಾಸದಲ್ಲಿ ಅತ್ಯುತ್ತಮವಾಗಿದ್ದ ಭಾಗವನ್ನು ಆ ಕಲ್ಲುಗಳಿಗೆ ಹೇಳಿದರು. ಬ್ರಾಹ್ಮಿ ಅಕ್ಕಾರ ಬಾಯಿ ಐದು ನಿಮಿಷದಿಂದ ಅರ್ಧ ತೆರೆದೇ ಇದ್ದದ್ದು ಕಂಡಾಗ ಅನುಮಾನ ಬಂತು. ಮೌಸ್ ಅಲ್ಲಾಡಿಸಿದರು, ಮೇಜು ಕುಟ್ಟಿದರು. ಇಂಟರ್ನೆಟ್ ಹಾಕಿಕೊಟ್ಟ ಶಿವರಾಜನ ನೆನಪಾಗಿ, "ಆ ಶಿವರಾಜ ಕೈಗೆ ಸಿಗಲಿ, ಅಂವನ್ನ ಜೀವಂತ ಬಿಡಂಗಿಲ್ಲ," ಎಂದರು.

ಅಡುಗೆಮನೆಯಲ್ಲಿ ರೊಟ್ಟಿ ಬಿಸಿಯಾಗಿ ಓವನ್ನು ಟಿಂಗ್ ಎಂದದ್ದೂ, ಲೈನು ಮರಳಿ ಬಂದದ್ದೂ ಆ ಮಾತಿಗಿಂತ ಒಂದು ಉಸಿರು ಮುಂಚೆ. ಹೀಗಾಗಿ ಸಮಾಜ ಕೇಳಿಸಿಕೊಂಡ ಉಪನ್ಯಾಸ ಇಷ್ಟು: ಕ್ಷಮೆ ಎಂದರೇನು, ಟಿಂಗ್ ಎಂಬ ಗಂಟೆಯ ನಾದ, ಶಿವರಾಜನನ್ನು ಜೀವಂತ ಬಿಡುವುದಿಲ್ಲ. "ಜಯ್ ಜಿನೇಂದ್ರ," ಎಂದರು ಬ್ರಾಹ್ಮಿ ಅಕ್ಕಾರು. "ಇವತ್ತಿಗೆ ಇಷ್ಟ ಸಾಕ್ರಿ."

"ಮುಗೀತೇನ್ರಿ?" ಎಂದು ಮಂಗಲಾ ತಾಟು ಹಿಡಿದು ಬಂದಳು. "ಬಿಸಿ ಐತಿ. ಹೊತ್ತು ಮುಳುಗೂದ್ರಾಗ ಉಣ್ರಿ."

ಎರಡನೆಯ ದಿನ ಮಾರ್ದವ, ಅಂದರೆ ವಿನಯ. ಟಿಂಗ್ ಆದ ಮೇಲೆ ಸಮಾಜಕ್ಕೆ ಕೇಳಿಸಿದ್ದು, "ನಾ ಯಾರಂತ ತಿಳಕೊಂಡಾನ ಅಂವ?" ಮೂರನೆಯ ದಿನ ಕೇಳಿಸಿದ ಮಾತನ್ನು ಇಲ್ಲಿ ಬರೆಯುವಂತಿಲ್ಲ.

ಶಿವರಾಜ ಬಂದ. ಕಾಗವಾಡದ ಕಡೆಯ ಇಪ್ಪತ್ತು ಹಳ್ಳಿಗಳ ಇಂಟರ್ನೆಟ್ಟಿಗೆ ಅವನೊಬ್ಬನೇ ದಿಕ್ಕು. ಶಿರಗುಪ್ಪಿಗೆ ಅವನ ಸರದಿ ಬೆಳಿಗ್ಗೆ ಹನ್ನೊಂದಕ್ಕೆ. ಹನ್ನೊಂದಕ್ಕೆ ಲೈನು ಎಂದಾದರೂ ಕೆಟ್ಟಿರುತ್ತದೆಯೇ? ಅವನು ಡಬ್ಬಿ ಆಫ್ ಮಾಡಿ ಆನ್ ಮಾಡಿದ. ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡಿದ. ಕಂಪ್ಯೂಟರಿನ ಬೆನ್ನಿಗೆ ಚುಚ್ಚಿದ್ದ, ವೈಫೈ ಹಿಡಿಯುವ ಹೆಬ್ಬೆರಳಿನಷ್ಟು ತುಣುಕನ್ನು ಕಿತ್ತು, ಬಾಯಿಂದ ಊದಿ ಮತ್ತೆ ಚುಚ್ಚಿದ.

"ಫುಲ್ ಐತ್ರಿ ಸರ. ಏನೂ ಪ್ರಾಬ್ಲಮ್ ಇಲ್ಲ."

"ಸಂಜಿಕಡೆ ಐದೂವರಿಗೆ ಬಂದು ನೋಡಪಾ."

"ಆ ಟೈಮಿಗೆ ನಾ ಅಥಣಿ ರೋಡಿನ್ಯಾಗ ಕಂಬದ ಮ್ಯಾಲ ಇರ್ತೀನ್ರಿ. ಹಿಂಗ ಮಾಡೂಣು, ಡಬ್ಬಿಯಿಂದ ಕಂಪ್ಯೂಟರಿಗೆ ಒಂದು ವಾಯರ್ ಎಳದು ಬಿಡ್ತೀನಿ. ಸಾಯೂತನಕ ಚಿಂತಿಲ್ಲ."

ಅಲ್ಲಿಗೆ ಈ ಕಥೆ ಮುಗಿಯಬೇಕಾಗಿತ್ತು. ಆದರೆ ತಂತಿಯೇ ಇಲ್ಲ ಎಂದು ತುಂಬಿದ ಸಭೆಯಲ್ಲಿ ಹೇಳಿದ ಮನುಷ್ಯ, ಕ್ಯಾಮೆರಾದಲ್ಲಿ ತನ್ನ ಬೆನ್ನ ಹಿಂದೆ ಹಳದಿ ವಾಯರ್ ಕಾಣುವಂತೆ ಹೇಗೆ ಕೂತಾನು? ಶಾಂತಿನಾಥರು ಬೇಡವೆಂದರು. ಅದರ ಬದಲು ಕಂಪ್ಯೂಟರನ್ನು ಪೂರ್ವಕ್ಕೆ ತಿರುಗಿಸಿದರು, ಆಮೇಲೆ ಉತ್ತರಕ್ಕೆ, ಆಮೇಲೆ ತಿಜೋರಿಯ ಪಕ್ಕಕ್ಕೆ. ಫೋನು ಹಿಡಿದು ಮಾಳಿಗೆ ಹತ್ತಿದ ದಿನ ಮಳೆ ಬಂತು. ಐದನೆಯ ದಿನದ ವಿಷಯ ಸತ್ಯ. ಲೈನು ಕಡಿದದ್ದಕ್ಕೆ ಅವರು "ಕರೆಂಟ್ ಹೋಗಿತ್ರಿ" ಎಂದು ಸಬೂಬು ಹೇಳಿದಾಗ ತಲೆಯ ಮೇಲೆ ಫ್ಯಾನು ಜೋರಾಗಿ ತಿರುಗುತ್ತಿದ್ದುದನ್ನು ಅರವತ್ತಮೂರು ಮನೆಯವರೂ ನೋಡಿದರು.

ಈಗ ಶಾಂತಿನಾಥರಿಗೆ ಹತ್ತು ಉಪನ್ಯಾಸದ ಆಸೆ ಉಳಿದಿರಲಿಲ್ಲ. ಒಂದು, ಒಂದೇ ಒಂದು ಮಾತನ್ನು ಮೊದಲಿನಿಂದ ಕೊನೆಯವರೆಗೆ ಯಾರಾದರೂ ಪೂರ್ತಿ ಕೇಳಬೇಕು, ಅಷ್ಟೇ. ಜನ್ಮದಲ್ಲಿ ಒಂದು ಸಲವಾದರೂ ಅದು ಆಗಬೇಕು ಎಂದುಕೊಂಡಾಗ ಅವರ ಕಣ್ಣಲ್ಲಿ ನೀರು ಬಂತು.

ಆರನೆಯ ದಿನ ಅವರು ಹಿತ್ತಲಿಗೆ ಹೋಗಿ ಕೇಬಲ್ಲಿನ ಕಂಬಗಳನ್ನು ನೋಡಿದರು. ಅಲ್ಲಿ ಮಾಳಸಿದ್ದನ ಕುರಿಗಳು ಕಂಬಕ್ಕೆ ಮೈ ಉಜ್ಜುತ್ತ ನಿಂತಿದ್ದವು. ಇಪ್ಪತ್ತು ವರ್ಷದಿಂದ ಮಾಳಸಿದ್ದ ಅವರ ಹೊಲದಲ್ಲೇ ಕುರಿ ನಿಲ್ಲಿಸುವವನು. ಹೊಲಕ್ಕೆ ಗೊಬ್ಬರ, ಅವನಿಗೆ ಜಾಗ.

"ಕುರಿ ಎಷ್ಟೊತ್ತಿಗೆ ಬರ್ತಾವೋ?"

"ದಿನಾ ಐದು ಐದೂವರಿಗ್ರಿ, ಅಣ್ಣಾರ."

ಶಾಂತಿನಾಥರಿಗೆ ಎಲ್ಲ ಸ್ಪಷ್ಟವಾಯಿತು. ತಪ್ಪಿತಸ್ಥರ ಎದುರು ನಿಂತ ನ್ಯಾಯಾಧೀಶರ ಧ್ವನಿಯಲ್ಲಿ, "ಇನ್ನ ಮ್ಯಾಲ ಇಲ್ಲಿ ನಿಲ್ಲಸಬ್ಯಾಡ. ನಿನ್ನ ಕುರಿ ಕಾಲಾಗ ಸಮಾಜಕ್ಕ ಧರ್ಮ ಮುಟ್ಟವಲ್ದು," ಎಂದರು.

ಮಾಳಸಿದ್ದ ಒಮ್ಮೆ ಕಂಬ ನೋಡಿದ, ಒಮ್ಮೆ ಕುರಿ ನೋಡಿದ. "ಹುಲ್ಲು ತಿಂತಾವ್ರಿ ಇವು. ಇಂಟರ್ನೆಟ್ ತಿಂದದ್ದು ನಾ ನೋಡಿಲ್ಲ." ಆಮೇಲೆ ಕಂಬಳಿ ಹೆಗಲಿಗೇರಿಸಿ ಹಿಂಡನ್ನು ಹೊಡೆದುಕೊಂಡು ಹೋದ. ಅಂದು ಸಂಯಮದ ಉಪನ್ಯಾಸ ಐದು ಗಂಟೆ ನಲವತ್ತೊಂದು ನಿಮಿಷಕ್ಕೆ ನಿಂತಿತು. ಹೊಲದಲ್ಲಿ ಒಂದು ಕುರಿಯೂ ಇರಲಿಲ್ಲ.

ಏಳನೆಯ ದಿನ ಶಿವರಾಜ ಅಥಣಿ ರೋಡು ಬಿಟ್ಟು ಐದೂವರೆಗೇ ಬಂದು ಕೂತ. ಮನೆಗೆ ಬಂದವರನ್ನು ಬರಿಗೈಯಲ್ಲಿ ಕಳಿಸುವುದುಂಟೆ? ಮಂಗಲಾ ಓವನ್ನಿನ ಗೊಡವೆ ಬಿಟ್ಟು, ಒಲೆ ಹೊತ್ತಿಸಿ ಅವನಿಗೆ ಚಹಾ ಅವಲಕ್ಕಿ ಮಾಡಿದಳು. ಹದಿನೈದು ನಿಮಿಷ ಉಪನ್ಯಾಸ ಹೊಳೆಯ ಹಾಗೆ ಹರಿಯಿತು. ಬ್ರಾಹ್ಮಿ ಅಕ್ಕಾರು ತಲೆದೂಗಿದರು. ಶಿವರಾಜ ಚಹಾ ಮುಗಿಸಿ, "ನೋಡ್ರಿ ಅಕ್ಕಾರ, ಲೈನ್ ಬರೋಬ್ಬರಿ ಐತಿ," ಎಂದು ಮಂಗಲಾಳಿಗೆ ಹೇಳಿ ಮೋಟಾರ್‌ಸೈಕಲ್ಲಿಗೆ ಕಿಕ್ ಹೊಡೆದ. ಆಕೆ ಒಳಗೆ ಹೋಗಿ ಪಲ್ಯ ಬಿಸಿಗಿಟ್ಟಳು. ಮುಖಗಳು ಕಲ್ಲಾದವು.

ಶಾಂತಿನಾಥರು ಹೆಡ್‌ಫೋನ್ ಕಿತ್ತೆಸೆದು, ಬರಿಗಾಲಲ್ಲಿ, ಧೋತರ ಹಿಡಿದುಕೊಂಡು ಬಸ್ ಸ್ಟ್ಯಾಂಡಿನವರೆಗೆ ಮೋಟಾರ್‌ಸೈಕಲ್ಲಿನ ಹಿಂದೆ ಓಡಿದರು. ಟಿಂಗ್ ಆಗಿ ಲೈನು ಬಂದಾಗ ಸಮಾಜಕ್ಕೆ ಕಂಡದ್ದು ಖಾಲಿ ಕುರ್ಚಿ. ಅಂದಿನ ವಿಷಯ ತಪ. ಶಿವರಾಜ ಹೋಗುವಾಗ ಬೇಕಂತಲೇ ಏನೋ ಬಂದ್ ಮಾಡಿ ಹೋಗಿದ್ದಾನೆಂದು ಶಾಂತಿನಾಥರು ಅವನ ಕಂಪನಿಗೆ ದೂರು ಬರೆದರು. ಜನ್ಮದಲ್ಲಿ ಅವರು ಬರೆದ ಅರ್ಜಿಗಳಲ್ಲಿ ತಕ್ಷಣ ಫಲ ಸಿಕ್ಕದ್ದು ಇದೊಂದಕ್ಕೇ: ಮರುದಿನವೇ ಶಿವರಾಜನನ್ನು ರಾಯಬಾಗದ ಕಡೆಗೆ ಹಾಕಿದರು.

ಎಂಟನೆಯ ದಿನ ಬ್ರಾಹ್ಮಿ ಅಕ್ಕಾರ ಫೋನು ಬಂತು. "ಬ್ಯಾಸರ ಮಾಡ್ಕೋಬ್ಯಾಡ್ರಿ ಶಾಂತಿನಾಥಣ್ಣಾ. ಕಡೀ ದಿನ ವೃಷಭ ಹೇಳಲಿ." ಒಂಬತ್ತನೆಯ ದಿನದ ವಿಷಯ ಆಕಿಂಚನ್ಯ, ನನ್ನದೆಂಬುದು ಏನೂ ಇಲ್ಲ ಎನ್ನುವ ಧರ್ಮ. ಅದನ್ನು ಶಾಂತಿನಾಥರು ಹೇಳಲು ಕೂರಲೇ ಇಲ್ಲ. ಹೊರಗಿನ ಕಟ್ಟೆಯ ಮೇಲೆ ಕೂತು ಅನುಭವಿಸಿದರು.

ಹತ್ತನೆಯ ದಿನ ಅನಂತ ಚತುರ್ದಶಿ. ಮನೆಮನೆಯಲ್ಲೂ ನಿರಾಹಾರ ಉಪವಾಸ. ವೃಷಭ ಮಧ್ಯಾಹ್ನವೇ ಅಕ್ಕನ ಮನೆಗೆ ಬಂದ. "ಮನ್ಯಾಗ ದೊಡ್ಡ ಕಂಪ್ಯೂಟರ್ ಇರೂ ಮುಂದ ಫೋನ್ ಯಾಕ್ರಿ ದಾಜಿ?" ಎಂದು ಅದೇ ಕುರ್ಚಿಯಲ್ಲಿ ಕೂತ. ಒಲೆ ಇಲ್ಲ, ಓವನ್ ಇಲ್ಲ, ಬಿಸಿ ಮಾಡಲು ಮನೆಯಲ್ಲಿ ಒಂದು ತುತ್ತೂ ಇಲ್ಲ. ಅರ್ಧ ಗಂಟೆಗೆಂದು ಕೂತ ವೃಷಭ ಐವತ್ತು ನಿಮಿಷ ಮಾತಾಡಿದ. ಪರದೆ ಕಣ್ಣೆವೆಯಷ್ಟೂ ತಡವರಿಸಲಿಲ್ಲ.

"ಅದಕ್ಕೂ ಪುಣ್ಯ ಬೇಕ್ರಿ," ಎಂದು ಬ್ರಾಹ್ಮಿ ಅಕ್ಕಾರು ಕೊನೆಗೆ ಅಂದದ್ದು ಬಾಗಿಲ ಹಿಂದೆ ನಿಂತಿದ್ದ ಶಾಂತಿನಾಥರಿಗೆ ಕೇಳಿಸಿತು. ಮನುಷ್ಯರು ಹೋಗಲಿ, ತಾನೇ ತಂದು ಪೂಜೆ ಮಾಡಿ ಶುರು ಮಾಡಿದ ಯಂತ್ರಕ್ಕೂ ತನ್ನ ಮಾತು ಬೇಡವಾಯಿತಲ್ಲ ಎಂದು ಅವರು ಆ ರಾತ್ರಿ ಗೋಡೆಗೆ ಮುಖ ಮಾಡಿ ಮಲಗಿದರು.

ಮರುದಿನ ಪಾರಣೆಯಾದ ಮೇಲೆ ವೃಷಭ ಕಂಪ್ಯೂಟರಿನಲ್ಲಿ ಕ್ರಿಕೆಟ್ ನೋಡುತ್ತ ಕೂತಿದ್ದ. ಮಂಗಲಾ ತಮ್ಮನಿಗೆಂದು ಹಾಲು ಬಿಸಿಗಿಟ್ಟಳು. ಬೌಲರ್ ಕೈ ಎತ್ತಿದವನು ಎತ್ತಿದಂತೆಯೇ ನಿಂತ. ಒಳಗೆ ಗುಂಯ್ ಎನ್ನುವ ಸದ್ದು. ಟಿಂಗ್. ಬೌಲರ್ ಓಡಿದ. ಹೆಡ್‌ಫೋನ್ ಇಲ್ಲದ ಕಿವಿಯಿಂದ ಶಾಂತಿನಾಥರು ಮೊದಲ ಬಾರಿಗೆ ಆ ಸದ್ದು ಕೇಳಿದರು.

ವೃಷಭ ಬಸ್ ಹತ್ತಿ ಹೋದ ಮೇಲೆ, ಮಂಗಲಾ ಬಸದಿಗೆ ಹೋದಾಗ, ಅವರು ಒಂದು ಲೋಟ ನೀರನ್ನು ಐದು ಸಲ ಬಿಸಿ ಮಾಡಿ ನೋಡಿದರು. ಐದು ಸಲವೂ ಇಂಟರ್ನೆಟ್ ನಿಂತಿತು. ಓವನ್ನು ಗುಂಯ್ ಎನ್ನುವಷ್ಟು ಹೊತ್ತು ಅದರ ತಲೆಯ ಮೇಲಿನ ಡಬ್ಬಿಯ ಗಾಳಿಯ ಮಾತು ಗೋಡೆಯ ಈಚೆ ದಾಟುತ್ತಿರಲಿಲ್ಲ. ಮೊದಲು ಬಂದದ್ದು ಬೀದಿಗೆ ಓಡಿ ಕೂಗಿ ಹೇಳಬೇಕೆಂಬ ಆಸೆ. ಎರಡನೆಯದಾಗಿ ಬಂದದ್ದು ಮಂಗಲಾಳ ನೆನಪು. ತಾನು ಒಂದು ಹೊತ್ತು ಉಂಡು, ಗಂಡನಿಗಾಗಿ ಅಲ್ಲಿ ನಿಂತು, ರೊಟ್ಟಿ ಪಲ್ಯ ಕಾಯಿಸಿದವಳು. ಅವಳ ಹೆಸರನ್ನು ಸಮಾಜದ ಬಾಯಿಗೆ ಹಾಕುವುದೇ? ಸಾಯುವವರೆಗೂ ಈ ಗುಟ್ಟನ್ನು ಯಾರಿಗೂ ಹೇಳುವುದಿಲ್ಲ ಎಂದು ಶಾಂತಿನಾಥರು ನೇಮ ಮಾಡಿದರು. ಹತ್ತು ದಿನಗಳಲ್ಲಿ ಅವರು ಮಾಡಿದ ಒಂದೇ ಒಳ್ಳೆಯ ಕೆಲಸ ಇದು.

ಅಂದು ಸಂಜೆ ಕ್ಷಮಾವಾಣಿ. ವರ್ಷದಲ್ಲಿ ಮಾಡಿದ ತಪ್ಪಿಗೆಲ್ಲ ಒಬ್ಬರನ್ನೊಬ್ಬರು ಕ್ಷಮೆ ಕೇಳುವ ದಿನ. ಒಬ್ಬರು ಕೇಳುವಾಗ ಉಳಿದವರು ಕೈ ಜೋಡಿಸಿ, ಕಣ್ಣು ಮುಚ್ಚಿ, ಅಲುಗಾಡದೆ ಕೂತು, ಮುಗಿದ ಮೇಲೆ "ಉತ್ತಮ ಕ್ಷಮಾ" ಅನ್ನಬೇಕು. ಕೇಳಬೇಕಾದದ್ದು ಬಹಳವಿದೆಯೆಂದು ಬ್ರಾಹ್ಮಿ ಅಕ್ಕಾರು ಶಾಂತಿನಾಥರನ್ನೇ ಮೊದಲು ಕರೆದರು. ಬಸದಿಯಿಂದ ಬಂದ ಮಂಗಲಾ ಓವನ್ನಿನ ತಲೆ ಒರೆಸುವಾಗ ವೈಫೈ ಡಬ್ಬಿಯನ್ನು ಅದರ ವಾಯರ್ ಸಮೇತ ದೂರದ ಕಿಟಕಿಗೆ ಸರಿಸಿದ್ದು ಶಾಂತಿನಾಥರಿಗೆ ತಿಳಿದಿರಲಿಲ್ಲ.

"ನನ್ನಿಂದ ಈ ವರ್ಷ," ಎಂದು ಅವರು ಹೆಡ್‌ಫೋನ್ ಇಲ್ಲದೆಯೇ ಶುರು ಮಾಡಿದರು. ಅಡುಗೆಮನೆಯಲ್ಲಿ ಗುಂಯ್ ಎಂದಿತು. ಪರದೆ ನೋಡಿದರು. ಅರವತ್ತಮೂರು ಮುಖಗಳೂ ನಿಶ್ಚಲ. ಶಾಂತಿನಾಥರಿಗೆ ಸಿಟ್ಟೂ ಬರಲಿಲ್ಲ. ನಿಂತ ಮುಖಗಳ ಮುಂದೆ ಕೂತು ಅಭ್ಯಾಸವಾಗಿತ್ತು.

"ಮಂಗಲಾ, ಬಾ ಇಲ್ಲಿ," ಎಂದು ಕರೆದರು. "ಅದು ಹೆಂಗೂ ನಿಂತೈತಿ. ನಿನಗೊಂದು ಮಾತು ಹೇಳೂದೈತಿ."

ಮಂಗಲಾ ಕೈಯಲ್ಲಿ ಬಟ್ಟೆ ಹಿಡಿದು ಬಾಗಿಲಿಗೆ ಬಂದಳು. ಪರದೆಯ ಮೂಲೆಯಲ್ಲಿ ತನ್ನ ತಮ್ಮ ವೃಷಭನ ಒಂದು ಕಣ್ಣು ತೆರೆದದ್ದು ಅವಳಿಗೆ ಕಂಡಿತು. ಹೇಳಲು ಕೈ ಎತ್ತಿದಳು.

"ನಡುವ ಮಾತಾಡಬ್ಯಾಡ. ಒಂದ್ ಸಲನಾದ್ರೂ ನಾ ಹೇಳೂದು ಮುಗೀಲಿ. ಇಷ್ಟು ದಿನ ಲೈನ್ ಕಡದದ್ದು ನಿನ್ನ ಓವನ್ನಿಗೆ. ನೀ ರೊಟ್ಟಿ ಬಿಸಿ ಮಾಡಿದಾಗೆಲ್ಲಾ ನನ್ನ ಧರ್ಮ ನಿಂತೈತಿ. ಆದ್ರ ನಾ ಇದನ್ನ ಯಾರಿಗೂ ಹೇಳಂಗಿಲ್ಲ. ನಿನ್ನ ತಮ್ಮಗಂತೂ ಇಲ್ಲ. ಅಂವ ಗೊಬ್ಬರದ ಜೋಡಿ ಇದನ್ನೂ ಮಾರ್ತಾನ. ಬ್ರಾಹ್ಮಿ ಅಕ್ಕಾರಿಗೆ ಹೇಳಿದ್ರ ನಿಪ್ಪಾಣಿತನಕ ಡಂಗುರ ಆಗ್ತೈತಿ. ಶಿವರಾಜನ ಮ್ಯಾಲ ಸುಳ್ಳ ದೂರು ಬರದೆ. ಮಾಳಸಿದ್ದನ ಕುರಿ ಓಡಿಸಿದೆ, ಅವು ಬಾಯಿಲ್ಲದವು. ಕ್ಷಮಾ ಅಂದ್ರ ಏನಂತ ಊರಿಗೆ ಹೇಳಾಕ ಕುಂತಿದ್ದೆ ನಾನು. ನನಗ ಗೊತ್ತಿದ್ದಿಲ್ಲ. ನೀ ಒಂದು ಹೊತ್ತು ಉಂಡು ನನಗ ಬಿಸಿ ಕೊಟ್ಟಿ. ಅಷ್ಟೂ ದಿನ ಅದನ್ನ ನಾ ಸಿಟ್ಟಿನ್ಯಾಗ ನುಂಗೀನಿ, ರುಚಿ ಏನಂತ ತಿಳೀಲಿಲ್ಲ. ನನ್ನ ಕ್ಷಮಾ ಮಾಡು. ಮುಗೀತು ನಂದು."

ಒಳಗೆ ಓವನ್ನು ಟಿಂಗ್ ಎಂದಿತು. ಪರದೆಯ ಮೇಲೆ ಅರವತ್ತಮೂರು ಮನೆಗಳ ಕಣ್ಣು ಒಂದೊಂದಾಗಿ ತೆರೆದವು.

"ಪೂರ್ತಿ ಕೇಳಿಸ್ತು, ಶಾಂತಿನಾಥಣ್ಣಾ," ಎಂದರು ಬ್ರಾಹ್ಮಿ ಅಕ್ಕಾರು. ಅವರ ತುಟಿ ಬಿಗಿದಿತ್ತು. "ಎಲ್ಲೂ ಕಡೀಲಿಲ್ಲ."

"ಆವಾಜ್ ಭಾಳ ಕ್ಲಿಯರ್ ಇತ್ರಿ ದಾಜಿ," ಎಂದ ವೃಷಭ.

ಆಮೇಲೆ, ದಿನದ ಪದ್ಧತಿ ಇದ್ದದ್ದರಿಂದ, ಎಲ್ಲರೂ ಒಟ್ಟಿಗೆ "ಉತ್ತಮ ಕ್ಷಮಾ" ಅಂದರು. ಬಾಗಿಲಲ್ಲಿ ನಿಂತಿದ್ದ ಮಂಗಲಾಳೂ ಅಂದಳು. ಅಂದವಳೇ ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದಳು.

ಶಿವರಾಜ ವಾರದೊಳಗೆ ಕಾಗವಾಡಕ್ಕೆ ಮರಳಿದ. ದೂರು ವಾಪಸ್ ತೆಗೆದುಕೊಳ್ಳಲು ಶಾಂತಿನಾಥರು ಮೂರು ಅರ್ಜಿ ಬರೆಯಬೇಕಾಯಿತು. ಮಾಳಸಿದ್ದನನ್ನು ಹುಡುಕಿಕೊಂಡು ಕೃಷ್ಣಾ ದಂಡೆಯವರೆಗೆ ನಡೆದು ಹೋಗಿ ಕೈ ಮುಗಿದರು. "ಕುರಿ ಆಗಲೇ ಮರತಾವ್ರಿ ಅಣ್ಣಾರ," ಎಂದ ಅವನು. "ನನಗ ಇನ್ನ ಒಂದೆರಡು ದಿನ ಬೇಕ."

ಮಂಗಲಾಳೂ ಕ್ಷಮಿಸಿದ್ದಾಳೆ. ಅದರಲ್ಲಿ ಅನುಮಾನ ಬೇಡ, ಅರವತ್ತಮೂರು ಮನೆ ಸಾಕ್ಷಿ ಇದೆ. ಆದರೆ ಕ್ಷಮಾವಾಣಿಯ ಮರುದಿನ ಆಕೆ ಓವನ್ನನ್ನು ತೊಳೆದು, ಅದರ ಮೇಲೆ ಕ್ರೋಶಾ ಬಟ್ಟೆ ಹೊದಿಸಿ, ಪ್ಲಗ್ ಕಿತ್ತು ವಾಯರನ್ನು ಸುತ್ತಿಟ್ಟಳು. ಏಕಾಶನವನ್ನೂ ಬಿಡಲಿಲ್ಲ, ಮೈಗೆ ಹಿತವಾಗಿದೆ, ಮುಂದುವರಿಸುತ್ತೇನೆ ಎಂದಳು. ಒಲೆ ಈಗಲೂ ಹೊತ್ತುವುದು ಬೆಳಿಗ್ಗೆ ಒಂದೇ ಸಲ. ಸಂಜೆ ಐದೂವರೆಗೆ ಶಾಂತಿನಾಥರ ಮುಂದೆ ತಾಟು ಬರುತ್ತದೆ. ಮೊದಲ ದಿನ ಅವರು ರೊಟ್ಟಿ ಮುಟ್ಟಿ ನೋಡಿ, ಅಡುಗೆಮನೆಯ ಕಡೆ ಕಣ್ಣು ಹಾಯಿಸಿದರು.

"ಲೈನ್ ಕಡೀಬಾರದಲ್ರಿ," ಎಂದಳು ಮಂಗಲಾ, ಅಕ್ಕಿಯಲ್ಲಿ ಕಲ್ಲು ಆರಿಸುತ್ತ.

ಶಾಂತಿನಾಥರು ಕಂಪ್ಯೂಟರಿನ ಮುಂದೆ ಕೂತು ತಣ್ಣನೆಯ ರೊಟ್ಟಿ ಮುರಿದರು. ಆ ದಿನದಿಂದ ಈ ದಿನದವರೆಗೆ ಆ ಮನೆಯಲ್ಲಿ ಇಂಟರ್ನೆಟ್ ಒಂದು ಸಲವೂ ನಿಂತಿಲ್ಲ.